ವೇಗಮಾಪಕದ ಪ್ರಾಮಾಣ್ಯವೂ ವೇಗಮಿತಿಯ ದಂಡವೂ

ವಾಹನದ ವೇಗಮಾಪಕವು ಮಾರ್ಗವನ್ನು ಅಳೆಯುವುದಿಲ್ಲ. ಗಾಲಿಯ ಸುತ್ತುಗಳನ್ನೆಣಿಸಿ, ಅದರ ಪರಿಧಿಯಿಂದ ವೇಗವನ್ನು ನಿರ್ಣಯಿಸುತ್ತದೆ. ಆದುದರಿಂದ ಈ ಜ್ಞಾನವು ಪ್ರತ್ಯಕ್ಷವಲ್ಲ, ಅನುಮಾನವು. ಟಯರು ಸವೆದರೆ ಅದೇ ದೂರಕ್ಕೆ ಸುತ್ತುಗಳು ಹೆಚ್ಚಿ, ಮುಳ್ಳು ನಿಜಕ್ಕಿಂತ ಅಧಿಕವನ್ನು ತೋರುವುದು. ನಿಯಮಿತವಾದುದಕ್ಕಿಂತ ದೊಡ್ಡ ಟಯರನ್ನು ತೊಡಿಸಿದರೆ ಕಡಮೆಯನ್ನು ತೋರುವುದು. ಈ ಎರಡನೆಯ ದೋಷವೇ ಅಪಾಯಕರವಾದುದು. ಅದಕ್ಕಾಗಿಯೇ ವಿಶ್ವಸಂಸ್ಥೆಯ 39ನೆಯ ವಾಹನ ನಿಯಮವು, ಮಾಪಕವು ನಿಜವೇಗಕ್ಕಿಂತ ಕಡಮೆಯನ್ನು ಎಂದಿಗೂ ತೋರಕೂಡದೆಂದೂ, ಕಾರುಗಳಲ್ಲಿ ಅಧಿಕಾಂಶವು ನಿಜವೇಗದ ದಶಾಂಶಕ್ಕೆ 4 ಕಿಲೋಮೀಟರನ್ನು ಕೂಡಿಸಿದಷ್ಟನ್ನು ಮೀರಬಾರದೆಂದೂ ವಿಧಿಸಿದೆ. ಎಂದರೆ ನಿಜವೇಗವು 60 ಆದಾಗ ಮುಳ್ಳು 60ರಿಂದ 70ರೊಳಗೆ ಇರಬೇಕು.

ದಂಡದ ವಿಷಯದಲ್ಲಿಯೂ ಪ್ರಮಾಣವೇ ಮುಖ್ಯವು. ಒಬ್ಬ ಸಾಕ್ಷಿಯ ಅಭಿಪ್ರಾಯವು ಯಂತ್ರದ ಅಳತೆಯನ್ನು ಆಶ್ರಯಿಸದಿದ್ದರೆ, ಅಷ್ಟರಿಂದಲೇ ಅತಿವೇಗದ ಅಪರಾಧವು ಸಿದ್ಧವಾಗದೆಂದು 1988ರ ಮೋಟಾರು ವಾಹನಗಳ ಕಾಯಿದೆಯ 183ನೆಯ ಪ್ರಕರಣವು ಹೇಳುತ್ತದೆ. ರಾಡಾರು ಯಂತ್ರವು ಗಾಲಿಯನ್ನೆಣಿಸದೆ, ವಾಹನಕ್ಕೆ ತಗುಲಿ ಮರಳುವ ತರಂಗದ ವ್ಯತ್ಯಾಸದಿಂದ ವೇಗವನ್ನರಿಯುವುದು. ಅಳೆಯುವ ಸೇರಿಗೆ ಮುದ್ರೆಯು ಬೇಕಾದಂತೆ ಈ ಯಂತ್ರಕ್ಕೂ ಪರೀಕ್ಷೆಯೂ ಮುದ್ರೆಯೂ ಇರಬೇಕೆಂದು ಕೇಂದ್ರ ಸರ್ಕಾರವು 2025ರಲ್ಲಿ ನಿಯಮವನ್ನು ಮಾಡಿತು.

ಮನ್ಮನೆಯಿಂದ ಶಿರಸಿಗೆ ಬಂದು ದೇವಿಮನೆ ಘಟ್ಟವನ್ನೋ, ಯಲ್ಲಾಪುರವನ್ನು ದಾಟಿ ಅರಬೈಲು ಘಟ್ಟವನ್ನೋ ಇಳಿಯುವವನಿಗೆ ಇದು ಕೇವಲ ಶಾಸ್ತ್ರಚರ್ಚೆಯಲ್ಲ. “ಮಾಪಕವು ಹೆಚ್ಚಾಗಿಯೇ ತೋರುವುದು” ಎಂದು ಮನಸ್ಸಿನಲ್ಲಿಯೇ ಹತ್ತನ್ನು ಕಳೆದು ಓಡಿಸುವವರುಂಟು. ಮಾಪಕವು ಸರಿಯಾಗಿಯೇ ಇದ್ದರೆ, 60 ಎಂದೆಣಿಸಿದ್ದು ವಾಸ್ತವವಾಗಿ 70 ಆಗಿರುತ್ತದೆ. ಆಘಾತದ ಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ 36 ಇದ್ದುದು 49 ಆಗುತ್ತದೆ. ಆದುದರಿಂದ ಮುಳ್ಳು ತೋರಿದುದನ್ನೇ ಪ್ರಮಾಣವೆಂದು ಗ್ರಹಿಸಿ, ತಿರುವುಗಳಲ್ಲಿ ಅದಕ್ಕಿಂತಲೂ ತಗ್ಗಿ ನಡೆಯುವುದೇ ಯುಕ್ತವು.