ಮುಕ್ತ ತಂತ್ರಾಂಶಗಳ ನಿರ್ವಹಣಭಾರವೂ ಅದರ ವಿಭಾಗವೂ

ಮೂಲಪಾಠವನ್ನು ಸರ್ವರಿಗೂ ತೆರೆದಿಟ್ಟು, ಓದಿ ತಿದ್ದಿ ಹಂಚುವುದಕ್ಕೆ ಅನುಮತಿಯಿತ್ತಿರುವ ತಂತ್ರಾಂಶಗಳಿಗೆ ಮುಕ್ತ ತಂತ್ರಾಂಶಗಳೆಂದು ಹೆಸರು. ತಿದ್ದುವ ಸ್ವಾತಂತ್ರ್ಯವು ಎಲ್ಲರಿಗೂ ಉಂಟಾದರೂ, ಬಂದ ತಿದ್ದುಪಡಿಗಳಲ್ಲಿ ಗ್ರಾಹ್ಯವಾದುದು ಯಾವುದು, ತ್ಯಾಜ್ಯವಾದುದು ಯಾವುದು ಎಂಬ ನಿರ್ಣಯವು ನಿರ್ವಾಹಕರೆನಿಸುವ ಕೆಲವರಿಗೆ ಸೇರಿದುದು. ಇದು ಪ್ರಾಚೀನ ಗ್ರಂಥದ ಪಾಠಾಂತರಗಳನ್ನು ತೂಗಿನೋಡುವ ಸಂಪಾದಕನ ಕೆಲಸದಂತಹುದು. ಭೇದವೇನೆಂದರೆ, ಇಲ್ಲಿ ಗ್ರಂಥವು ಎಂದಿಗೂ ಮುಗಿಯುವುದಿಲ್ಲ. ದೋಷಗಳ ದೂರುಗಳು ಬರುತ್ತಲೇ ಇರುತ್ತವೆ. ಈ ಸೇವೆಗೆ ಅನೇಕರಿಗೆ ವೇತನವೂ ಇಲ್ಲ. ಆದುದರಿಂದ ಒಬ್ಬನೇ ನಿರ್ವಾಹಕನು ಬಳಲಿದರೆ ಅದನ್ನು ಅವನ ದೌರ್ಬಲ್ಯವೆಂದೆಣಿಸದೆ ವ್ಯವಸ್ಥೆಯ ಕೊರತೆಯೆಂದೆಣಿಸುವುದು ನ್ಯಾಯ.

ಈ ಕೊರತೆಯ ಫಲವು ಒಬ್ಬನ ಕಷ್ಟದಲ್ಲಿಯೇ ಮುಗಿಯದೆಂಬುದಕ್ಕೆ ಎಕ್ಸ್‌ಝೆಡ್ ಯುಟಿಲ್ಸ್ ಎಂಬ ತಂತ್ರಾಂಶವು ನಿದರ್ಶನ. ದತ್ತಾಂಶವನ್ನು ಸಂಕ್ಷೇಪಿಸುವ ಈ ಸಾಧನವು ಲಿನಕ್ಸ್ ವ್ಯವಸ್ಥೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದರೂ, ಅದರ ನಿರ್ವಹಣವು ಬಹುಕಾಲ ಒಬ್ಬರ ಹೆಗಲ ಮೇಲೆಯೇ ಇತ್ತು. 2022ರಲ್ಲಿ ಕೆಲಸವು ನಿಧಾನವಾಯಿತೆಂದು ಕೆಲವರು ಆಕ್ಷೇಪಿಸಿ, ಅಧಿಕಾರವನ್ನು ಮತ್ತೊಬ್ಬರಿಗೂ ಕೊಡಬೇಕೆಂದು ಒತ್ತಾಯಪಡಿಸಿದರು. ಉಪಯುಕ್ತವಾದ ತಿದ್ದುಪಡಿಗಳನ್ನು ಒಪ್ಪಿಸಿ ನಂಬಿಕೆ ಗಳಿಸಿದ್ದ ಅಜ್ಞಾತ ವ್ಯಕ್ತಿಯೊಬ್ಬರಿಗೆ ಆ ಅಧಿಕಾರವು ಲಭಿಸಿತು. 2024ರ ಫೆಬ್ರವರಿಯ ಆವೃತ್ತಿಯಲ್ಲಿ, ಪರರ ಗಣಕಯಂತ್ರಗಳನ್ನು ಗುಪ್ತವಾಗಿ ಪ್ರವೇಶಿಸಲು ಅನುವಾಗುವ ಭಾಗವೊಂದು ಸೇರಿಹೋಯಿತು. ದೂರದ ಯಂತ್ರವನ್ನು ಪ್ರವೇಶಿಸುವುದಕ್ಕೆ ಸುಮಾರು ಅರ್ಧ ಕ್ಷಣ ಹೆಚ್ಚಾಗಿ ಹಿಡಿಯುತ್ತಿದ್ದುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಗಮನಿಸಿ, ಕಾರಣವನ್ನು ಶೋಧಿಸಿ, ಮಾರ್ಚಿ 29ರಂದು ಪ್ರಕಟಿಸಿದುದರಿಂದ ದೊಡ್ಡದೊಂದು ಅನರ್ಥವು ತಪ್ಪಿತು. ಇಲ್ಲಿಯೂ ಭಾರವು ಹಂಚಿಹೋದುದನ್ನು ಗಮನಿಸಬೇಕು. ಆದರೆ ಹಂಚಿಸಿದುದು ಒತ್ತಡವೇ ಹೊರತು ನಿಯಮವಲ್ಲ.

ನಿಯಮಪೂರ್ವಕವಾದ ವಿಭಾಗಕ್ಕೆ ಪೈಥಾನ್ ಎಂಬ ಗಣಕಭಾಷೆಯ ಇತಿಹಾಸವನ್ನು ನೋಡಬಹುದು. 1991ರಲ್ಲಿ ಇದನ್ನು ಹೊರತಂದ ಗೀಡೊ ವಾನ್ ರಾಸಮ್ ಅವರಿಗೆ ‘ಆಜೀವ ಹಿತೈಷಿ ಸರ್ವಾಧಿಕಾರಿ’ ಎಂದು ವಿನೋದದ ಬಿರುದಿತ್ತು. ಕಡೆಯ ಮಾತು ಅವರದೇ ಆಗಿತ್ತು. ಭಾಷೆಗೆ ಹೊಸ ಪ್ರಯೋಗವೊಂದನ್ನು ಸೇರಿಸುವ ವಿಷಯದಲ್ಲಿ ಎದ್ದ ತೀವ್ರವಾದ ವಾದದಿಂದ ಬೇಸತ್ತು, 2018ರ ಜುಲೈ ತಿಂಗಳಲ್ಲಿ ಅವರು ಆ ಸ್ಥಾನವನ್ನು ಬಿಟ್ಟರು, ಉತ್ತರಾಧಿಕಾರಿಯನ್ನೂ ನೇಮಿಸಲಿಲ್ಲ. ಪ್ರಧಾನ ಕರ್ತೃಗಳು ಹಲವು ಪದ್ಧತಿಗಳನ್ನು ವಿಮರ್ಶಿಸಿ, ಡಿಸೆಂಬರಿನಲ್ಲಿ ಮತವೆಣಿಸಿ, ಐವರ ಮಂಡಲಿಯನ್ನು ಅಂಗೀಕರಿಸಿದರು. ಒಂದೇ ಸಂಸ್ಥೆಯ ನೌಕರರು ಮಂಡಲಿಯಲ್ಲಿ ಇಬ್ಬರಿಗಿಂತ ಹೆಚ್ಚಾಗಿ ಇರಕೂಡದು. ಅವಧಿ ಮುಗಿದೊಡನೆ ಮರುಚುನಾವಣೆ ನಡೆಯಬೇಕು. ವಿಷಯವಿಶೇಷದ ನಿರ್ಣಯವನ್ನು ತಜ್ಞರಿಗೆ ಒಪ್ಪಿಸಬಹುದು. 2019ರ ಮೊದಲ ಮಂಡಲಿಗೆ ವಾನ್ ರಾಸಮ್ ಅವರೂ ಐವರಲ್ಲಿ ಒಬ್ಬರಾಗಿ ಆಯ್ಕೆಯಾದರು.

ಈ ಎರಡು ನಿದರ್ಶನಗಳಿಂದ ಸಿದ್ಧವಾಗುವುದಿಷ್ಟು: ದುಡಿಮೆಯನ್ನು ಮಾತ್ರ ಹಂಚಿ ನಿರ್ಣಯವನ್ನು ಒಬ್ಬನಲ್ಲಿಯೇ ಉಳಿಸಿದರೆ ಬಳಲಿಕೆಯು ನೀಗದು; ನಿರ್ಣಯಾಧಿಕಾರವನ್ನು ಪರೀಕ್ಷೆಯಿಲ್ಲದೆ ಕೈಬಿಟ್ಟರೆ ವಿಶ್ವಾಸವು ಉಳಿಯದು. ಒಳಗೆ ಬರುವುದಕ್ಕೆ ನಿಯಮ, ಇರುವುದಕ್ಕೆ ಅವಧಿ, ಗೌರವದಿಂದ ನಿವೃತ್ತನಾಗುವುದಕ್ಕೆ ದಾರಿ, ಈ ಮೂರೂ ಏರ್ಪಟ್ಟಲ್ಲಿ ಭಾರವು ನಿಜವಾಗಿ ವಿಭಾಗವಾಗುತ್ತದೆ. ಈ ಏರ್ಪಾಡು ನಿರ್ವಾಹಕನು ದಣಿಯುವುದಕ್ಕೆ ಮೊದಲೇ ಆಗಬೇಕು. ದಣಿದವನಿಗೆ ಬಂದವರನ್ನು ಪರೀಕ್ಷಿಸಿ ಆರಿಸುವ ಶಕ್ತಿಯೂ ಅವಕಾಶವೂ ಉಳಿದಿರುವುದಿಲ್ಲ.