ಅಟ್ಟದ ಮೇಲಿನ ಕೆಂಪು ಹೂಜಿ



ಹೋದ ತಿಂಗಳು ನಮ್ಮ ಮನೆಯಲ್ಲಿ ಕೊಬ್ಬರಿ ಮಾಡೋದಕ್ಕೆ ಅಟ್ಟದಿಂದ ಕಾಯಿ ಇಳಿಸಿದರು. ಮೂಲೆಯಲ್ಲಿ ಗೋಣಿಚೀಲದೊಳಗೆ ಒಂದು ಗಾಜಿನ ಹೂಜಿ ಸಿಕ್ಕಿತು. ಧೂಳು ಒರೆಸಿ ಬಿಸಿಲಿಗೆ ಹಿಡಿದರೆ ದಾಳಿಂಬೆ ಕಾಳಿನ ಹಾಗೆ ಕೆಂಪು! ಹಿಡಿ ಮಾತ್ರ ಬಣ್ಣವಿಲ್ಲದ ಗಾಜು. ಅಜ್ಜಿಯ ಮಾವನವರು ಬೆಂಗಳೂರಿನಿಂದ ತಂದದ್ದಂತೆ.

ಅದೇ ವಾರ ಹಳೇ ಸಾಮಾನಿನವರು ಬಂದು, "ಅಜ್ಜಿ, ಇದಕ್ಕೆ ಎರಡು ಪ್ಲಾಸ್ಟಿಕ್ ಬಿಂದಿಗೆ ಕೊಡ್ತೀನಿ" ಅಂದರು. "ತಗಂಡ್ ಹೋಗಪ್ಪ, ಇದ್ರಲ್ಲಿ ಯಾರು ನೀರು ಕುಡೀತಾರೆ" ಅಂತ ಅಜ್ಜಿ ಕೊಟ್ಟೇಬಿಡುತ್ತಿದ್ದರು. ನಾನು ಹಟ ಮಾಡಿ ಒಂದು ವಾರ ಬಿಟ್ಟು ಬನ್ನಿ ಅಂತ ಕಳಿಸಿದೆ. ಆ ವಾರದಲ್ಲಿ ಮೇಷ್ಟ್ರನ್ನು ಕೇಳಿ, ಪುಸ್ತಕ ನೋಡಿ ತಿಳಿದುಕೊಂಡದ್ದು ಇದು.

ಮರಳು, ಸೋಡಾ, ಸುಣ್ಣಕಲ್ಲು ಇವನ್ನು ಬೆಂಕಿಯಲ್ಲಿ ಕರಗಿಸಿದರೆ ಗಾಜು. ಮರಳಿನಲ್ಲಿ ಕಬ್ಬಿಣದ ಅಂಶ ಇದ್ದರೆ ಗಾಜು ಹಸಿರಾಗುತ್ತದೆ. ಗೋಲಿ ಸೋಡಾ ಬಾಟಲಿ ನೋಡಿದ್ದೀರಲ್ಲ, ಆ ತಿಳಿಹಸಿರು ಹೀಗೆ ಬಂದದ್ದು. (ಆ ಬಾಟಲಿಯನ್ನು ಕಂಡುಹಿಡಿದವರು ಇಂಗ್ಲೆಂಡಿನ ಹೈರಮ್ ಕಾಡ್, 1872ರಲ್ಲಿ.) ಕೋಬಾಲ್ಟ್ ಸೇರಿಸಿದರೆ ಕಡುನೀಲಿ, ಮ್ಯಾಂಗನೀಸ್ ಸೇರಿಸಿದರೆ ನೇರಳೆ.

ಕೆಂಪು ಎಲ್ಲಕ್ಕಿಂತ ಆಶ್ಚರ್ಯ. ಅದಕ್ಕೆ ಚಿನ್ನ ಹಾಕುತ್ತಿದ್ದರು! ಚಿನ್ನವನ್ನು ಆಮ್ಲದಲ್ಲಿ ಕರಗಿಸಿ ಚೂರೇ ಚೂರು ಗಾಜಿಗೆ ಬೆರೆಸುತ್ತಾರೆ. ಮೊದಲು ಬಣ್ಣವೇ ಕಾಣುವುದಿಲ್ಲ. ಮತ್ತೆ ಕಾಯಿಸಿದಾಗ ಚಿನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಗಾಜು ಕೆಂಪಾಗುತ್ತದೆ. ಇದನ್ನು ಹೇಳಿದಾಗ ಅಜ್ಜಿ, "ಹಂಗಾದ್ರೆ ಕರಗ್ಸಿ ಒಂದು ಮೂಗುಬೊಟ್ಟು ಮಾಡ್ಸಾನ ಬಿಡು" ಅಂದರು. ಅಷ್ಟು ಚಿನ್ನ ಅದರಲ್ಲಿ ಇರುವುದಿಲ್ಲ. ತಾಮ್ರದಿಂದಲೂ ಕೆಂಪು ಗಾಜು ಮಾಡುತ್ತಾರೆ, ಆದ್ದರಿಂದ ಕೆಂಪಾದದ್ದೆಲ್ಲ ಚಿನ್ನದ್ದೂ ಅಲ್ಲ.

ಇಂಥ ಹೂಜಿಗಳು ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಅಂದರೆ 1837ರಿಂದ 1901ರೊಳಗೆ, ಇಂಗ್ಲೆಂಡಿನಲ್ಲಿ ಬಹಳ ತಯಾರಾದವು. ಅಲ್ಲಿ ಗಾಜಿನ ಮೇಲಿದ್ದ ತೆರಿಗೆಯನ್ನು 1845ರಲ್ಲಿ ತೆಗೆದುಹಾಕಿದ್ದು ಒಂದು ಕಾರಣ. ಲಾಲ್‌ಬಾಗಿನ ಗಾಜಿನ ಮನೆಯೂ ಆ ರಾಣಿಯ ಕಾಲದ್ದೇ, 1889ರದ್ದು. ಈಗ ಇಂಥ ಹೂಜಿಗಳನ್ನು ಹುಡುಕಿ ಕೊಂಡು ಕೂಡಿಡುವವರು ಇದ್ದಾರೆ. ಅವರಿಗಾಗಿ ಹೊಸದನ್ನೇ ಹಳೆಯದು ಅಂತ ಮಾರುವವರೂ ಇದ್ದಾರೆ.

ಹಳೆಯದೋ ಅಲ್ಲವೋ ನೋಡಬೇಕಾದರೆ ಮೊದಲು ತಳ ನೋಡಬೇಕು. ಊದಿ ಮಾಡುವಾಗ ತಳಕ್ಕೆ ಕಬ್ಬಿಣದ ಸಲಾಕೆ ಅಂಟಿಸಿ ಆಮೇಲೆ ಮುರಿಯುತ್ತಾರೆ. ಅಲ್ಲಿ ಗಾಯದ ಹಾಗೆ ಗುರುತು ಉಳಿಯುತ್ತದೆ, ಇಲ್ಲವೇ ಅದನ್ನು ಉಜ್ಜಿದ ನುಣುಪು ಗುಳಿ ಇರುತ್ತದೆ. ಅಚ್ಚಿನಲ್ಲಿ ಒತ್ತಿದ್ದಾದರೆ ಪಕ್ಕದಲ್ಲಿ ಗೆರೆ ಕಾಣಬಹುದು. ನಮ್ಮದಕ್ಕೆ ಗೆರೆ ಇಲ್ಲ, ತಳದಲ್ಲಿ ಗುಳಿ ಇದೆ, ಸುತ್ತ ಇಟ್ಟು ತೆಗೆದು ಸವೆದ ಗೀರುಗಳಿವೆ. ಮಾಡಿದವರ ಹೆಸರಿಲ್ಲ, ಅದಕ್ಕೇ ಇಸವಿ ಹೇಳಲು ನನಗೆ ಧೈರ್ಯವಿಲ್ಲ. ನೂರು ವರ್ಷ ಮೀರಿದ ಕಲಾವಸ್ತುಗಳನ್ನು ಯಾರೂ ತಮ್ಮಷ್ಟಕ್ಕೆ ವಿದೇಶಕ್ಕೆ ಸಾಗಿಸುವಂತಿಲ್ಲ ಅಂತ 1972ರ ಕಾಯಿದೆಯೂ ಇದೆ.

ಹೇಳಿದ ವಾರಕ್ಕೆ ಸರಿಯಾಗಿ ಅವರು ಬಂದರು. ಎರಡು ಬಿಂದಿಗೆ ನಾಲ್ಕಾಯಿತು, ಮೇಲೊಂದು ಸ್ಟೀಲ್ ಡಬರಿ. ಅಜ್ಜಿ ನನ್ನ ಮುಖ ನೋಡಿದರು. "ಇಷ್ಟೊಂದು ಕೊಡ್ತೀಯ ಅಂದ್ರೆ ನಂಗಿಂತ ನಿಂಗೇ ಚೆನ್ನಾಗ್ ಗೊತ್ತು ಕಣಪ್ಪ" ಅಂತ ಹೂಜಿ ಎತ್ತಿಕೊಂಡು ಒಳಗೆ ಹೋದರು.

ಶನಿವಾರ ಅದನ್ನು ಶಾಲೆಗೆ ತರಲು ಅಜ್ಜಿ ಒಪ್ಪಿದ್ದಾರೆ. ನೋಡುವವರು ಕೈಯ ಎಣ್ಣೆ ಒರೆಸಿಕೊಂಡು ಬನ್ನಿ. ಬಿಸಿನೀರು ಮಾತ್ರ ಹಾಕಬೇಡಿ, ಗಾಜಿನ ಒಳಮೈ ಬೇಗ ಹಿಗ್ಗಿ ಹೊರಮೈ ತಣ್ಣಗೇ ಇದ್ದರೆ ಸೀಳಿಹೋಗುತ್ತದೆ.

— ಏಳನೇ ತರಗತಿ ವಿದ್ಯಾರ್ಥಿನಿ, ಬಿಳಿಗೆರೆ