ಜಡೆಯ ಅಡಿಯಲ್ಲೊಂದು ಅಂಡರ್‌ಕಟ್: ಮನೆಯಲ್ಲೇ ಆರೈಕೆ ಹೇಗೆ?

ಕಾಲೇಜಿಗೆ ರಜೆ ಅಂತ ಮಗಳು ಬೆಂಗಳೂರಿನಿಂದ ಮನೆಗೆ ಬಂದಿದ್ದಾಳೆ. ತಲೆಗೆ ಎಣ್ಣೆ ಹಚ್ಚೋಣ ಅಂತ ನೀವು ಕೂದಲು ಎತ್ತಿ ನೋಡಿದರೆ ಹಿಂಭಾಗ ಅರ್ಧಕ್ಕರ್ಧ ಬೋಳು! ಮೇಲಿನಿಂದ ನೋಡಿದರೆ ಏನೂ ಗೊತ್ತಾಗೋದಿಲ್ಲ, ಒಳಗೆ ಮಾತ್ರ ವೆಲ್ವೆಟ್ ಬಟ್ಟೆಯಂಥ ಮೋಟು ಕೂದಲು. ಗಾಬರಿ ಬೇಡ, ಯಾವ ಕಾಯಿಲೆಯೂ ಅಲ್ಲ. ಇದಕ್ಕೇ ಅಂಡರ್‌ಕಟ್ ಅನ್ನೋದು. ಮೇಲಿನ ಕೂದಲನ್ನು ಉದ್ದಕ್ಕೆ ಬಿಟ್ಟು ಕೆಳಗಿನದನ್ನೋ ಪಕ್ಕದ್ದನ್ನೋ ಟ್ರಿಮ್ಮರ್ ಹಿಡಿದು ಸಣ್ಣಗೆ ತೆಗೆಯುವ ಶೈಲಿ.

ಗಂಡುಮಕ್ಕಳ ತಾಯಂದಿರಿಗೆ ಇದೇನೂ ಹೊಸದಲ್ಲ ಬಿಡಿ. 2017ರಲ್ಲಿ ಸುದೀಪ್ ಅವರ ‘ಹೆಬ್ಬುಲಿ’ ಸಿನಿಮಾ ಬಂದ ಮೇಲೆ ಸಲೂನ್‌ಗಳಲ್ಲಿ ಇದಕ್ಕೆ ‘ಹೆಬ್ಬುಲಿ ಕಟ್ಟಿಂಗ್’ ಅಂತಲೇ ಹೆಸರಾಯ್ತು. ಶಾಲೆಯ ಹುಡುಗರೆಲ್ಲ ಅದೇ ಬೇಕು ಅಂತ ಹಟ ಹಿಡಿದು, ಕಡೆಗೆ 2023ರಲ್ಲಿ ಬಾಗಲಕೋಟೆ ಜಿಲ್ಲೆಯ ಕುಲಹಳ್ಳಿ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ಸಲೂನಿನವರಿಗೆ ಪತ್ರ ಬರೆದು ‘ನಮ್ಮ ಮಕ್ಕಳಿಗೆ ಈ ಕಟ್ಟಿಂಗ್ ಮಾಡಬೇಡಿ’ ಅಂತ ಕೇಳಿಕೊಂಡಿದ್ದು ಸುದ್ದಿಯಾಗಿತ್ತು. 2025ರಲ್ಲಿ ‘ಹೆಬ್ಬುಲಿ ಕಟ್’ ಅಂತಲೇ ಒಂದು ಕನ್ನಡ ಸಿನಿಮಾ ಬಂತು. ಆ ಕಟ್ಟಿಂಗ್‌ಗೆ ಆಸೆಪಟ್ಟ ಹುಡುಗನಿಗೆ ಜಾತಿ ಅಡ್ಡ ಬರುವ ಕಥೆ ಅದು. ಒಂದು ಕ್ಷೌರದ ಹಿಂದೆ ಎಷ್ಟೆಲ್ಲ ಇರುತ್ತೆ ನೋಡಿ! ಹಾಗೆ ನೋಡಿದರೆ ಸುತ್ತ ಬೋಳಿಸಿ ನಡುವೆ ಉದ್ದ ಕೂದಲು ಬಿಡುತ್ತಿದ್ದ ಮುತ್ತಜ್ಜನ ಜುಟ್ಟು ಕೂಡ ಅಂಡರ್‌ಕಟ್ಟಿನ ಹತ್ತಿರದ ನೆಂಟನೇ.

ಅಜ್ಜಿ ಸುಮ್ಮನಾದರೆ...

ಮಗಳ ವಿಷಯ ಬಂದಾಗ ಮಾತು ಬೇರೆ. ಅಪ್ಪ ಎರಡು ದಿನ ಗೊಣಗಿ ಸುಮ್ಮನಾಗಬಹುದು. ಮನೆಯಲ್ಲಿ ಅಜ್ಜಿ ಇದ್ದರೆ ಅವರು ಬೈಯುವುದೂ ಇಲ್ಲ, ಮುಖ ತಿರುಗಿಸಿ ಒಳಗೆ ಹೋಗಿಬಿಡುತ್ತಾರೆ. ಅದನ್ನು ‘ಹಳೇ ಕಾಲದವರು’ ಅಂತ ತಳ್ಳಿಹಾಕಬೇಡಿ. ನಮ್ಮ ಮಲೆನಾಡಿನಲ್ಲೇ ಕೆಲವು ಮನೆತನಗಳಲ್ಲಿ ಗಂಡ ಸತ್ತ ಹೆಣ್ಣಿನ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿ ಮೂಲೆಗೆ ಕೂರಿಸುತ್ತಿದ್ದರು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ ಓದಿದ್ದರೆ, ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದ್ದನ್ನು ನೋಡಿದ್ದರೆ ನಿಮಗೆ ಗೊತ್ತಿರುತ್ತೆ. ಅಂಥ ಅತ್ತೆಯನ್ನೋ ದೊಡ್ಡಮ್ಮನನ್ನೋ ಅಜ್ಜಿ ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿರಬಹುದು. ಹೆಣ್ಣುಮಗುವಿನ ಬೋಳು ನೆತ್ತಿ, ಬೋಳು ಕುತ್ತಿಗೆ ಅವರಿಗೆ ಫ್ಯಾಷನ್ ಆಗಿ ಕಾಣೋದಿಲ್ಲ.

ಮಗಳನ್ನು ಹತ್ತಿರ ಕೂರಿಸಿಕೊಂಡು ಇದನ್ನು ಹೇಳಿ. ಈಗಿನ ಮಕ್ಕಳಿಗೆ ಯಾರೂ ಹೇಳಿರೋದಿಲ್ಲ. ಆಮೇಲೆ ಅವಳೇ ಹೋಗಿ ಅಜ್ಜಿಗೆ ತೋರಿಸಲಿ, ಮುಟ್ಟಿ ನೋಡೋಕೆ ಕೊಡಲಿ. ಅವರ ಕಾಲದಲ್ಲಿ ಆ ಹೆಂಗಸರನ್ನು ಯಾರೂ ಕೇಳಲಿಲ್ಲ, ಇವಳು ತಾನಾಗಿ ಕೇಳಿ ತೆಗೆಸಿಕೊಂಡಿದ್ದು. ಈ ವ್ಯತ್ಯಾಸ ಅಜ್ಜಿಗೆ ನಿಮಗಿಂತ ಬೇಗ ಅರ್ಥವಾದರೂ ಆಶ್ಚರ್ಯವಿಲ್ಲ. ಮದುವೆ ಮನೆಯಲ್ಲಿ ನೆಂಟರ ಬಾಯಿಂದ ಗೊತ್ತಾಗುವುದಕ್ಕಿಂತ ಇದು ಎಷ್ಟೋ ವಾಸಿ.

ನಮ್ಮ ಮಳೆಗೆ ಒಗ್ಗುತ್ತಾ?

ಒಗ್ಗುತ್ತೆ. ಕಳಸ, ಕೊಟ್ಟಿಗೆಹಾರದ ಕಡೆ ಆರಿದ್ರಾ, ಪುನರ್ವಸು ಮಳೆ ಹಿಡಿದುಕೊಂಡರೆ ಬಟ್ಟೆ ಒಣಗೋದಿಲ್ಲ, ಇನ್ನು ದಪ್ಪ ಕೂದಲು ಒಣಗುತ್ತಾ? ಬೆಳಿಗ್ಗೆ ತಲೆಗೆ ಸ್ನಾನ ಮಾಡಿದರೆ ಸಂಜೆಗೂ ಕುತ್ತಿಗೆಯ ಹತ್ತಿರ ತೇವ. ಅದೇ ತೇವದಲ್ಲಿ ಜಡೆ ಬಿಗಿದರೆ ವಾಸನೆ, ತುರಿಕೆ. ಅಡಿಯ ಕೂದಲು ತೆಗೆದವರಿಗೆ ಈ ತಾಪತ್ರಯ ಕಡಿಮೆ. ಬಚ್ಚಲೊಲೆ ಮುಂದೆ ಹತ್ತು ನಿಮಿಷ ಕೂತರೆ ಸಾಕು. ಆದರೆ ತೀರಾ ತೆಳು ಕೂದಲಿನವರಿಗೆ ನಾನು ಇದನ್ನು ಹೇಳೋದಿಲ್ಲ. ಇರುವ ಜಡೆಯೂ ಇಲಿಬಾಲವಾದೀತು.

ಟ್ರಿಮ್ಮರ್ ಹಿಡಿಯುವ ಮುನ್ನ

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತೆ. ಹಾಗಾಗಿ ಮೂರು ವಾರಕ್ಕೆ ಅಂಡರ್‌ಕಟ್ ಪೊದೆಯಾಗಲು ಶುರು. ಪ್ರತಿ ಸಲ ಅದಕ್ಕಾಗಿ ತೋಟದಿಂದ ಮೂಡಿಗೆರೆಗೋ ಚಿಕ್ಕಮಗಳೂರಿಗೋ ಓಡೋಕಾಗುತ್ತಾ? ಹೋದರೂ ಹೆಂಗಸರ ಪಾರ್ಲರ್‌ಗಳಲ್ಲಿ ಟ್ರಿಮ್ಮರ್ ಹಿಡಿಯುವವರು ಎಲ್ಲ ಕಡೆ ಸಿಗೋದಿಲ್ಲ. ಮೊದಲ ಸಲ ಮಾತ್ರ ಪಳಗಿದ ಕೈಯಲ್ಲೇ ಮಾಡಿಸಿ. ಗೆರೆ ಬಿದ್ದ ಮೇಲೆ ಉಳಿದದ್ದು ಅಮ್ಮನ ಕೈಯಲ್ಲೇ ಆಗುವ ಕೆಲಸ.

ಟ್ರಿಮ್ಮರನ್ನು ಹಿಂದಿನ ರಾತ್ರಿಯೇ ಪೂರ್ತಿ ಚಾರ್ಜ್ ಮಾಡಿಡಿ. ನಮ್ಮ ಕಡೆ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತೋ ಹೇಳೋರಿಲ್ಲ. ಅರ್ಧ ತಲೆಯಲ್ಲಿ ಚಾರ್ಜ್ ಮುಗಿದರೆ ಮಗಳು ಆ ವಾರವಿಡೀ ಮನೆಯಿಂದ ಹೊರಗೆ ಕಾಲಿಡೋದಿಲ್ಲ, ನಿಮ್ಮ ಜೊತೆ ಮಾತೂ ಆಡೋದಿಲ್ಲ.

ತಲೆ ತೊಳೆದು ಚೆನ್ನಾಗಿ ಒಣಗಿಸಿ. ಒದ್ದೆ ಕೂದಲು, ಎಣ್ಣೆ ಕೂದಲು ಎರಡೂ ಬ್ಲೇಡಿಗೆ ಅಂಟುತ್ತವೆ. ಬೆಳಕಿರುವ ಜಗುಲಿಯಲ್ಲಿ ಸ್ಟೂಲ್ ಹಾಕಿ ಕೂರಿಸಿ, ಹೆಗಲಿಗೆ ಹಳೇ ಬೆಡ್‌ಶೀಟ್ ಹೊದಿಸಿ. ಬಾಲದ ಬಾಚಣಿಗೆಯಲ್ಲಿ ಹಳೇ ಗೆರೆಯುದ್ದಕ್ಕೂ ಬೈತಲೆ ತೆಗೆದು, ಮೇಲಿನ ಕೂದಲನ್ನೆಲ್ಲ ಎತ್ತಿ ಕ್ಲಿಪ್ ಹಾಕಿ, ಅದರ ಮೇಲೊಂದು ಕರ್ಚೀಫು ಕಟ್ಟಿ. ಒಂದೇ ಒಂದು ಎಳೆ ಜಾರಿ ಟ್ರಿಮ್ಮರಿಗೆ ಸಿಕ್ಕಿದರೂ ವರ್ಷಗಟ್ಟಲೆ ಬೆಳೆದ ಕೂದಲು ಹೋದಂತೆಯೇ. ತಲೆಯ ಹಿಂದೆ ಕೈಗೆ ಸಿಗುವ ಉಬ್ಬು ಮೂಳೆ ಇದೆಯಲ್ಲ, ಗೆರೆ ಅದಕ್ಕಿಂತ ಮೇಲೆ ಹೋಗದಿದ್ದರೆ ಚೆಂದ. ಕಿವಿಯ ಹಿಂದೆ ಒಂದು ಬೆರಳಗಲ ಉದ್ದ ಕೂದಲು ಹಾಗೇ ಇರಲಿ, ಜಡೆ ಹಾಕಿದಾಗ ಪಕ್ಕದಿಂದ ಬೋಳು ಕಾಣೋದಿಲ್ಲ.

ಟ್ರಿಮ್ಮರ್ ಜೊತೆ ಬರುವ ಹಲ್ಲಿನ ಕ್ಯಾಪ್‌ಗಳಲ್ಲಿ ಸಾಮಾನ್ಯವಾಗಿ 1ನೇ ನಂಬರ್ ಅಂದರೆ 3 ಮಿ.ಮೀ., 2 ಅಂದರೆ 6, 4 ಅಂದರೆ ಹೆಚ್ಚುಕಡಿಮೆ 12. ಮೊದಲು ದೊಡ್ಡ ಕ್ಯಾಪ್ ಹಾಕಿ, ನೋಡಿ, ಸಾಲದಿದ್ದರೆ ಚಿಕ್ಕದಕ್ಕೆ ಇಳಿಯಿರಿ. ತೆಗೆದದ್ದನ್ನು ಮತ್ತೆ ಅಂಟಿಸೋಕಾಗೋಲ್ಲ. ಕೆಳಗಿನಿಂದ ಮೇಲಕ್ಕೆ, ಕೂದಲು ಬೆಳೆಯುವ ದಿಕ್ಕಿಗೆ ಎದುರಾಗಿ ನಿಧಾನ ಸಾಗಲಿ. ಕುತ್ತಿಗೆಯಲ್ಲಿ ಸುಳಿ ಇರುತ್ತೆ, ಅಲ್ಲಿ ದಿಕ್ಕು ಬದಲಿಸಬೇಕು. ಕ್ಯಾಪ್ ತೆಗೆದು ಅಂಚಿನ ಗೆರೆ ತಿದ್ದುವುದು ಕೊನೆಗೆ. ಬ್ಲೇಡ್ ಬಿಸಿಯಾದರೆ ಎರಡು ನಿಮಿಷ ಬಿಡಿ. ಅಷ್ಟರಲ್ಲಿ ಕಾಫಿ ಕುಡಿದರಾಯ್ತು.

ಇನ್ನು ಅಲಂಕಾರ

ದಿನನಿತ್ಯಕ್ಕೆ ಸಡಿಲ ಜಡೆ, ಇಲ್ಲವೇ ಕತ್ತಿನ ಹತ್ತಿರದ ತುರುಬು ಹಾಕಿದರೆ ಅಂಡರ್‌ಕಟ್ ಅಡಗಿರುತ್ತೆ. ತೋರಿಸಬೇಕು ಅನ್ನಿಸಿದ ದಿನ ನೆತ್ತಿಗೆ ಎತ್ತಿ ಪೋನಿಟೇಲ್ ಕಟ್ಟಲಿ. ಸೀರೆ ಉಟ್ಟು ಮಲ್ಲಿಗೆ ಮುಡಿಯುವ ದಿನ ಕೊಂಚ ಯೋಚನೆ ಬೇಕು: ಬೋಳಿನ ಮೇಲೆ ಹೇರ್‌ಪಿನ್ ನಿಲ್ಲೋದಿಲ್ಲ, ಹೂವಿನ ಭಾರಕ್ಕೆ ತುರುಬು ಜಾರುತ್ತೆ. ಗೆರೆಗಿಂತ ಎರಡು ಬೆರಳು ಮೇಲೆ ಗಟ್ಟಿಯಾಗಿ ರಬ್ಬರ್ ಬ್ಯಾಂಡ್ ಹಾಕಿ, ಅದಕ್ಕೇ ತುರುಬು ಸುತ್ತಿ, ಹೂವನ್ನು ರಬ್ಬರ್ ಬ್ಯಾಂಡಿಗೆ ಸಿಕ್ಕಿಸಿ. ಜಡೆ ತೆಳುವಾಯಿತು ಅನ್ನಿಸಿದರೆ ಚೌರಿ ಇದ್ದೇ ಇದೆಯಲ್ಲ.

ತಂಡಿ ಗಾಳಿಗೆ ಮೇಲಿನ ಕೂದಲು ಕೆದರಿ ನಿಲ್ಲುವುದಕ್ಕೆ ಅಗಸೆಬೀಜದ ಜೆಲ್ ಒಳ್ಳೆಯದು. ಕಾಲು ಲೋಟ ಅಗಸೆಬೀಜಕ್ಕೆ ಎರಡು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸಿ. ಮೊಟ್ಟೆಯ ಬಿಳಿಯಷ್ಟು ಲೋಳೆಯಾದ ಕೂಡಲೇ ಬಿಸಿಯಿರುವಾಗಲೇ ಸೋಸಬೇಕು, ತಣಿದರೆ ಬಟ್ಟೆಯಿಂದ ಇಳಿಯೋದೇ ಇಲ್ಲ. ಫ್ರಿಜ್ಜಿನಲ್ಲಿ ಒಂದು ವಾರ ಇಡಬಹುದು. ಅರ್ಧ ಒಣಗಿದ ಕೂದಲಿನ ಉದ್ದಕ್ಕೆ ಸವರಿ. ಪಕ್ಕದ ಅಂಡರ್‌ಕಟ್ ಇದ್ದವರು, ಮತ್ತೆ ನಿಮ್ಮ ‘ಹೆಬ್ಬುಲಿ’ ಮಗ ಕೂಡ, ಮೇಲಿನ ಕೂದಲನ್ನು ಮೊದಲು ಉಲ್ಟಾ ದಿಕ್ಕಿಗೆ ಬಾಚಿ ಒಣಗಿಸಿ ಆಮೇಲೆ ಬೇಕಾದ ಕಡೆಗೆ ಹೊರಳಿಸಿದರೆ ಸಾಕು, ಬುಡ ಎದ್ದು ನಿಲ್ಲುತ್ತೆ.

ಮೋಟು ಭಾಗಕ್ಕೆ ಎಣ್ಣೆ ಸುರಿಯಬೇಡಿ. ತಲೆಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಜಿಡ್ಡೇ ಊಟ. ಹೊಟ್ಟು ಇದ್ದರೆ ಕೀಟೋಕೊನಜೋಲ್ ಶಾಂಪೂವನ್ನು ವಾರಕ್ಕೆ ಎರಡು ಸಲ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ.

ಇದೊಂದನ್ನು ಮರೆಯಬೇಡಿ

ಅಪ್ಪನ ಗಡ್ಡದ ಟ್ರಿಮ್ಮರೇ ಅಣ್ಣನಿಗೆ, ತಂಗಿಗೆ, ಪಕ್ಕದ ಲೈನಿನ ಹುಡುಗನಿಗೂ ಅನ್ನುವ ಪದ್ಧತಿ ಬೇಡವೇ ಬೇಡ. ಹುಳುಕಡ್ಡಿ ಹರಡಲು ಅಷ್ಟು ಸಾಕು. ಬ್ಲೇಡ್ ತಾಗಿ ರಕ್ತ ಬಂದಿದ್ದರೆ ಹೆಪಟೈಟಿಸ್‌ನಂಥ ಸೋಂಕಿನ ಭಯವೂ ಇದೆ. ಒಬ್ಬೊಬ್ಬರಿಗೆ ಬೇರೆ ಬೇರೆ ಇಟ್ಟುಕೊಳ್ಳುವುದು ಉತ್ತಮ. ಆಗದಿದ್ದರೆ ಪ್ರತಿ ಸಲವೂ ಬ್ಲೇಡನ್ನು ಬ್ರಷ್‌ನಲ್ಲಿ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿದ ಮೇಲೆ ಒಂದು ತೊಟ್ಟು ಮೆಷಿನ್ ಎಣ್ಣೆ ಬಿಡಿ. ರಕ್ತ ತಾಗಿದ ಬ್ಲೇಡಿಗೆ ಮಾತ್ರ ಒರೆಸಿದರೆ ಸಾಲದು, ಅದನ್ನು ಇನ್ನೊಬ್ಬರಿಗೆ ಬಳಸಲೇಬೇಡಿ.

ಕೂದಲು ಸಣ್ಣಗಿರುವಾಗ ನೆತ್ತಿಯ ಚರ್ಮ ಚೆನ್ನಾಗಿ ಕಾಣುತ್ತೆ, ಇದೊಂದು ಅನುಕೂಲ. ದುಂಡಗೆ ಪುಡಿ ಉದುರುವ ಮಚ್ಚೆ, ಅಲ್ಲಿ ಕೂದಲು ಮುರಿದು ಕಪ್ಪು ಚುಕ್ಕೆಗಳು, ಕೀವು ಗುಳ್ಳೆ ಕಂಡರೆ ಟ್ರಿಮ್ಮರ್ ಎತ್ತಿಟ್ಟು ಚರ್ಮದ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಶಾಪಿನಲ್ಲಿ ‘ತುರಿಕೆಗೆ ಒಂದು ಮುಲಾಮು ಕೊಡಿ’ ಅಂತ ತರಬೇಡಿ. ಅಂಥ ಎಷ್ಟೋ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತೆ. ನಾಲ್ಕು ದಿನ ತುರಿಕೆ ನಿಂತಂತಾಗಿ ಹುಳುಕಡ್ಡಿ ಒಳಗೊಳಗೇ ಹರಡುತ್ತೆ. ತಲೆಯ ಹುಳುಕಡ್ಡಿ ಬರೀ ಮುಲಾಮಿಗೆ ಹೋಗುವಂಥದ್ದಲ್ಲ, ಕೂದಲಿನ ಬುಡಕ್ಕೆ ಔಷಧಿ ತಲುಪಬೇಕಾದರೆ ಡಾಕ್ಟರು ಬರೆದ ಮಾತ್ರೆಯನ್ನು ವಾರಗಟ್ಟಲೆ ತೆಗೆದುಕೊಳ್ಳಬೇಕು. ಮಕ್ಕಳಲ್ಲಿ ಇದು ಹೆಚ್ಚು.

ಬೇಜಾರಾದರೆ?

ಬಿಟ್ಟರೆ ಬೆಳೆಯುತ್ತೆ. ಮೊದಲ ಮೂರು ನಾಲ್ಕು ತಿಂಗಳು ಮುಳ್ಳುಹಂದಿಯಂತೆ ನೆಟ್ಟಗೆ ನಿಲ್ಲುವ ಕಾಲ. ಆಗ ತುದಿಗಳಿಗೆ ಸ್ವಲ್ಪ ಜೆಲ್ ಹಚ್ಚಿ ಕೆಳಮುಖವಾಗಿ ಬಾಚಿ, ಚಿಕ್ಕ ಕ್ಲಿಪ್‌ಗಳನ್ನು ಹಾಕಿಡಿ. ಕುತ್ತಿಗೆಯ ಕೂದಲು ಹೆಗಲು ದಾಟಿ ಜಡೆಗೆ ಸೇರಲು ಒಂದೂವರೆ ಎರಡು ವರ್ಷವೇ ಬೇಕಾದೀತು. ಹಾಗಾಗಿ ಮುಂದಿನ ವರ್ಷ ಮನೆಯಲ್ಲಿ ಮದುವೆ ಇದ್ದು ಮಗಳಿಗೆ ಮೊಗ್ಗಿನ ಜಡೆಯ ಆಸೆಯಿದ್ದರೆ ಟ್ರಿಮ್ಮರನ್ನು ಈಗಲೇ ಅಪ್ಪನಿಗೆ ವಾಪಸ್ ಕೊಟ್ಟುಬಿಡಿ.